ಅವರ ಸಾಲು ಎಷ್ಟು, ನಮ್ಮ ಸಾಲು ಎಷ್ಟು: ಸಭೆಯ ಹಿರಿಯರನ್ನು ತಯಾರು ಮಾಡಿದ ನನ್ನ ಅನುಭವ

2017ರ ಮಳೆಗಾಲದಲ್ಲಿ, ಧಾರವಾಡ ಸೀಮೆಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಾನು ಸಭಾಪಾಲಕನಾಗಿದ್ದಾಗ (ಪಾದ್ರಿಯಾಗಿದ್ದಾಗ), ವಯಸ್ಸಾದ ಸಭಾಸದರೊಬ್ಬರ ಸಮಾಧಿ ಸಂಸ್ಕಾರವನ್ನು ನಡೆಸುತ್ತಿದ್ದೆ. ಪೆಟ್ಟಿಗೆಯನ್ನು ಕುಣಿಗೆ ಇಳಿಸುವ ಹೊತ್ತಿಗೆ ಒಬ್ಬ ಹುಡುಗ ಮೊಬೈಲನ್ನು ಮುಂದೆ ಚಾಚಿ ನಿಂತಿದ್ದ. ನಾನು ಪ್ರಾರ್ಥನೆಯನ್ನು ನಿಲ್ಲಿಸಿ, "ಫೋನ್ ಬಂದ್ ಮಾಡು, ಇದು ಚಿತ್ರ ತೆಗೆಯುವ ಜಾಗವಲ್ಲ" ಎಂದೆ. ಅವನು ತಕ್ಷಣ ಬಂದ್ ಮಾಡಿದ. ಮನೆಗೆ ಹಿಂದಿರುಗುವಾಗ ಸಭೆಯ ಹೆಣ್ಣುಮಗಳೊಬ್ಬಳು ನನ್ನ ಪಕ್ಕಕ್ಕೆ ಬಂದು, "ಅಯ್ಯಾರ, ಅವರ ಮಗಳು ಕುವೈತ್‌ನಾಗ ಅದಾಳ್ರೀ. ಅಪ್ಪನ ಮಾರಿ ಕಡೀ ಸಲ ನೋಡಾಕತ್ತಿದ್ಲು" ಎಂದಳು. ಆ ಮಗಳಿಗೆ ಅದೇ ರಾತ್ರಿ ಫೋನ್ ಮಾಡಿ ಕ್ಷಮೆ ಕೇಳಿದೆ. ಆಕೆ ಅತ್ತಳೇ ಹೊರತು ಒಂದು ಮಾತನ್ನೂ ಆಡಲಿಲ್ಲ. ನನ್ನ ಸಭೆಯ ಹಿರಿಯರಿಗೆ ತರಬೇತಿ ಕೊಡಬೇಕೆಂಬ ಯೋಚನೆ ಅದಕ್ಕೂ ಮೊದಲೇ ನನ್ನಲ್ಲಿತ್ತು. ಆ ತರಬೇತಿ ಮೊದಲು ನನಗೇ ಬೇಕಾಗಿದೆ ಎಂಬುದು ಮಾತ್ರ ಅಂದು ತಿಳಿಯಿತು.

ನಮ್ಮ ಭಾಗದ ಸಭೆಗಳ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಆ ಕಾಲದಿಂದ ಬಹುಕಾಲದವರೆಗೆ ಸಭೆಯೆಂದರೆ ಒಂದು ಕಂಪೌಂಡು, ಒಂದು ಶಾಲೆ, ಒಂದು ಗಂಟೆ. ಗಂಟೆ ಕೇಳುವಷ್ಟು ದೂರದಲ್ಲಿ ಎಲ್ಲರ ಮನೆಗಳೂ ಇರುತ್ತಿದ್ದವು. ಸಭಾಪಾಲಕರನ್ನು ಸಿದ್ಧಗೊಳಿಸುವ ಕೆಲಸ ಮಂಗಳೂರಿನ ಬಲ್ಮಠದಲ್ಲಿ 1847ರಷ್ಟು ಹಿಂದೆಯೇ ಶುರುವಾಗಿದ್ದು, ಇಂದಿಗೂ ಅಲ್ಲಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಅದನ್ನು ನಡೆಸಿಕೊಂಡು ಬಂದಿದೆ. ಆದರೆ ಸಭೆಯ ದಿನನಿತ್ಯದ ಭಾರವನ್ನು ನಿಜವಾಗಿ ಹೊರುವ ಹಿರಿಯರನ್ನು, ಭಾನುವಾರ ಶಾಲೆಯ ಶಿಕ್ಷಕರನ್ನು, ಸ್ತ್ರೀಯರ ಕೂಟದ ಮುಂದಾಳುಗಳನ್ನು ಯಾರೂ ತಯಾರು ಮಾಡುವುದಿಲ್ಲ; ಅವರನ್ನು ಆರಿಸುತ್ತೇವೆ, ಕಾಣಿಕೆಯ ತಟ್ಟೆಯನ್ನು ಕೈಗೆ ಕೊಡುತ್ತೇವೆ, ಅಷ್ಟಕ್ಕೇ ಬಿಡುತ್ತೇವೆ. ಇತ್ತ ಅವರು ನೋಡಿಕೊಳ್ಳಬೇಕಾದ ಮನೆಗಳ ಮಕ್ಕಳು ಬೆಂಗಳೂರು, ಪುಣೆ, ಕೊಲ್ಲಿ ದೇಶಗಳಲ್ಲಿದ್ದಾರೆ. ಮನೆಯಲ್ಲಿ ಉಳಿದವರು ಬೆಳಿಗ್ಗೆ ಎದ್ದಕೂಡಲೇ ಯಾವುದೋ ಊರಿನ ಬೋಧಕರ ಪ್ರಸಂಗವನ್ನು (ಧರ್ಮೋಪದೇಶವನ್ನು) ಯೂಟ್ಯೂಬಿನಲ್ಲಿ ಕೇಳಿ, ಭಾನುವಾರ ನಮ್ಮ ಪ್ರಸಂಗವನ್ನು ಅದಕ್ಕೆ ಹೋಲಿಸುತ್ತಾರೆ.

2018ರಲ್ಲಿ ಒಂಬತ್ತು ಜನರನ್ನು ಕೂಡಿಸಿದೆ: ಆರು ಗಂಡಸರು, ಮೂವರು ಹೆಂಗಸರು. ಪ್ರತಿ ತಿಂಗಳ ಎರಡನೆಯ ಶನಿವಾರ, ಮಧ್ಯಾಹ್ನದ ಊಟದಿಂದ ಸಂಜೆಯವರೆಗೆ. ಮೊದಲ ಆರು ತಿಂಗಳು ಪೂರ್ತಿ ವ್ಯರ್ಥವಾದವೆಂದೇ ಹೇಳಬೇಕು. ನಾಯಕತ್ವದ ಬಗ್ಗೆ ಇಂಗ್ಲಿಷಿನಿಂದ ಅನುವಾದವಾದ ಪಾಠಗಳನ್ನು ತರಿಸಿ ಹಂಚಿದ್ದೆ. ಅದರಲ್ಲಿ ದರ್ಶನ, ಗುರಿ, ತಂಡ ಎಂಬ ಮಾತುಗಳಿದ್ದವು. ನಮ್ಮ ಕೇರಿಯ ಮನೆಗಳು ಇರಲಿಲ್ಲ. ಎಲ್ಲರೂ ಗೌರವದಿಂದ ತಲೆಯಾಡಿಸಿ ಕೇಳಿದರು, ಆರನೆಯ ತಿಂಗಳಿಗೆ ಇಬ್ಬರು ಬರುವುದನ್ನು ನಿಲ್ಲಿಸಿದರು.

ಆಗ ನೋಟುಬುಕ್ಕಿನ ಪದ್ಧತಿಗೆ ಬಂದೆ. ಇದು ನನ್ನ ಸ್ವಂತ ಕಲ್ಪನೆಯಲ್ಲ. ಅಮೆರಿಕದ ಆಂಟನ್ ಬಾಯ್ಸನ್ ಎಂಬ ಸಭಾಪಾಲಕರು ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ ಗುಣವಾದವರು. 1925ರಲ್ಲಿ ಅವರು ಮಾನಸಿಕ ರೋಗಿಗಳ ಆಸ್ಪತ್ರೆಯೊಂದಕ್ಕೆ ದೇವಜ್ಞಾನದ ವಿದ್ಯಾರ್ಥಿಗಳನ್ನು ಕರೆದೊಯ್ದು, ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ಜೀವಂತ ಮನುಷ್ಯರನ್ನು ಓದಲು ಕಲಿಸಿದರು. ಭೇಟಿಯಲ್ಲಿ ನಡೆದ ಮಾತುಕತೆಯನ್ನು ನೆನಪಿನಿಂದ ಮಾತಿಗೆ ಮಾತು ಬರೆದು ಗುಂಪಿನಲ್ಲಿ ಪರಿಶೀಲಿಸುವ ಕ್ರಮ ಆ ಪರಂಪರೆಯಲ್ಲಿಯೇ ಬೆಳೆದದ್ದು. ನಾನು ಅದನ್ನು ಇನ್ನೂರು ಪುಟದ ಶಾಲಾ ನೋಟುಬುಕ್ಕಿಗೆ ಇಳಿಸಿದೆ. ಪುಟಕ್ಕೆ ಮೂರು ಕಾಲಂ: ಅವರು ಅಂದದ್ದು, ನಾನು ಅಂದದ್ದು, ಆ ಹೊತ್ತಿನಲ್ಲಿ ನನ್ನೊಳಗೆ ಆದದ್ದು. ತಿಂಗಳಿಗೆ ಒಂದೇ ಭೇಟಿ ಬರೆದರೂ ಸಾಕು, ಆದರೆ ಸುಧಾರಿಸಿ ಬರೆಯಬಾರದು.

ನಿವೃತ್ತ ಶಾಲಾ ಮಾಸ್ತರರೊಬ್ಬರು ತಂದ ಮೊದಲ ಪುಟ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅವರು ಹೋದದ್ದು, ಮಗಳು ತನ್ನ ಆಫೀಸಿನ ಹಿಂದೂ ಹುಡುಗನನ್ನು ಮದುವೆಯಾಗುತ್ತೇನೆಂದು ಹೇಳಿ ಕಂಗೆಟ್ಟಿದ್ದ ದಂಪತಿಗಳ ಮನೆಗೆ. ಅಕ್ಷರ ಮುತ್ತಿನಂತೆ ದುಂಡಗಿತ್ತು. ನಾವು ತಪ್ಪು ಹುಡುಕಲಿಲ್ಲ, ಸಾಲುಗಳನ್ನು ಎಣಿಸಿದೆವು ಅಷ್ಟೇ. ಮಾಸ್ತರರದು ಇಪ್ಪತ್ತೆರಡು ಸಾಲು, ಅದರಲ್ಲಿ ನಾಲ್ಕು ಸತ್ಯವೇದದ (ಬೈಬಲಿನ) ವಚನಗಳು. ತಂದೆಯದು ಮೂರು ಸಾಲು. ತಾಯಿಯದು ಎರಡು, ಅದರಲ್ಲೊಂದು "ಚಾ ತಗೋರಿ". ಮೂರನೆಯ ಕಾಲಂ ಖಾಲಿ. ಬಹಳ ಹೊತ್ತು ಪುಟವನ್ನೇ ನೋಡುತ್ತಿದ್ದ ಮಾಸ್ತರರು ಕಡೆಗೆ, "ಅಯ್ಯಾರ, ಇಷ್ಟು ವರ್ಷ ನಾ ಮಂದಿ ಮನೀಗೆ ಹೋಗಿದ್ದು ಹೇಳಾಕರೀ, ಕೇಳಾಕ ಅಲ್ಲ" ಎಂದರು. ಮುಂದಿನ ತಿಂಗಳು ಅದೇ ಮನೆಗೆ ಮತ್ತೆ ಹೋಗಿ ಬಂದರು. ಅವರ ಸಾಲುಗಳು ಒಂಬತ್ತಕ್ಕೆ ಇಳಿದಿದ್ದವು, ತಾಯಿಯ ಮಾತು ಒಂದೂವರೆ ಪುಟ ತುಂಬಿತ್ತು. ಮಗಳು ಮನೆ ಬಿಟ್ಟು ಹೋದಾಳೆಂಬುದಕ್ಕಿಂತ, ಮದುವೆಯಾದ ಮೇಲೆ ಸಭೆಯವರು ತನ್ನನ್ನು ಯಾವ ಬೆಂಚಿನಲ್ಲಿ ಕೂರಿಸುತ್ತಾರೋ ಎಂಬುದೇ ಆಕೆಯ ಭಯವಾಗಿತ್ತು. ಅದು ಸಭೆಯ ಬಗ್ಗೆ ಇದ್ದ ಭಯ. ಅದಕ್ಕೆ ವಚನ ಹೇಳಿ ಉತ್ತರ ಕೊಡಲು ಆಗುತ್ತಿರಲಿಲ್ಲ.

ಈ ಪದ್ಧತಿಯಿಂದ ಒಂದು ಕೆಡುಕೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಒಂದು ಭಾನುವಾರ ಯಾರದೋ ನೋಟುಬುಕ್ಕು ಸಭಾಪಾಲಕರು ನಿಲುವಂಗಿ ತೊಡುವ ಅಂಗಿಕೋಣೆಯಲ್ಲಿ ಉಳಿದುಬಿಟ್ಟಿತು, ಬೇರೊಬ್ಬರು ಓದಿದರು, ಒಂದು ಮನೆಯ ಸಾಲದ ಸಂಗತಿ ಸಂಜೆಯೊಳಗೆ ಕೇರಿಯ ಬಾಯಿಗೆ ಬಿತ್ತು. ಹೆಸರು ಬರೆಯಬಾರದೆಂದು ಮೊದಲ ದಿನವೇ ಹೇಳಬೇಕಾಗಿದ್ದವನು ನಾನು, ಹೇಳಿರಲಿಲ್ಲ. ಆ ಕುಟುಂಬದವರು ಬೇರೆ ಸಭೆಗೆ ಹೋದರು, ನಾನು ಎರಡು ಸಲ ಹೋಗಿ ಕರೆದರೂ ಮರಳಲಿಲ್ಲ. ಅಂದಿನಿಂದ ಹೆಸರು, ಓಣಿ, ಉದ್ಯೋಗ ಯಾವುದನ್ನೂ ಬರೆಯುವುದಿಲ್ಲ. ಚರ್ಚೆ ಮುಗಿದ ಪುಟವನ್ನು ಅಲ್ಲಿಯೇ ಹರಿದು ಒಲೆಗೆ ಹಾಕುತ್ತೇವೆ.

ಎರಡನೆಯ ಕೆಲಸ ಭಾಷೆಯದು. ನಮ್ಮ ಹಿರಿಯರು ಮನೆಯಲ್ಲಿ ಧಾರವಾಡದ ಮಾತನ್ನಾಡಿ, ಪ್ರಸಂಗಕ್ಕೆ ನಿಂತ ಕೂಡಲೇ ಆತನು, ಒಡಂಬಡಿಕೆ, ವಿಮೋಚನೆ ಎಂದು ಗ್ರಂಥದ ಭಾಷೆಗೆ ಏರಿಬಿಡುತ್ತಾರೆ. ಎದುರಿಗೆ ಕುಳಿತ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದುವವರು, ಕನ್ನಡವನ್ನು ಅಕ್ಷರ ಕೂಡಿಸಿ ಓದುವವರು. ಹಾಗೆಂದು ಆರಾಧನೆಯನ್ನೇ ಇಂಗ್ಲಿಷಿಗೆ ತಿರುಗಿಸಬೇಕೆಂಬ ಕೆಲವು ಪಾಲಕರ ಒತ್ತಾಯಕ್ಕೆ ನಾನು ಒಪ್ಪಲಿಲ್ಲ, ಏಕೆಂದರೆ ಆ ಮಕ್ಕಳಿಗೆ ಬಾರದಿರುವುದು ಗ್ರಂಥದ ಕನ್ನಡವೇ ಹೊರತು ಅಡುಗೆಮನೆಯ ಕನ್ನಡವಲ್ಲ. ಅಲ್ಲದೆ, ಹೊರದೇಶದಿಂದ ಬಂದ ಬಾಸೆಲ್ ಮಿಶನ್ನಿನ ಕಿಟ್ಟೆಲ್ ಈ ನೆಲದ ಮಾತನ್ನು ಪದಕ್ಕೆ ಪದ ಕೂಡಿಸಿ 1894ರಲ್ಲಿ ನಿಘಂಟು ಪ್ರಕಟಿಸಿದ ಪರಂಪರೆಯವರು ನಾವು. ಇಲ್ಲಿಯೇ ಹುಟ್ಟಿದವರಿಗೆ ಇಲ್ಲಿನ ಮಾತಿನಲ್ಲಿ ಸುವಾರ್ತೆ ಹೇಳಲು ಬಾರದಿದ್ದರೆ ಹೇಗೆ? ಆದ್ದರಿಂದ ಸತ್ಯವೇದದ ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ತಪ್ಪಿಹೋದ ಮಗನ ಕಥೆಯನ್ನು ಒಂದೂ ಗ್ರಾಂಥಿಕ ಪದವಿಲ್ಲದೆ ಹೇಳಬೇಕೆಂದು ಒಂದು ಶನಿವಾರ ಅಭ್ಯಾಸ ಕೊಟ್ಟೆ. ಒಕ್ಕಲುತನ ಮಾಡುವ ಒಬ್ಬ ಹಿರಿಯರು ಎದ್ದು ನಿಂತು, "ಅಪ್ಪ ಇನ್ನೂ ಗಟ್ಟಿಮುಟ್ಟಿ ಇದ್ದಾಗನ ಸಣ್ಣ ಮಗ ವಾಟ್ನಿ ಕೇಳಿದ. ಹಂಗಂದ್ರ ಏನ್ರೀ? ಅಪ್ಪಾ, ನೀ ಯಾವಾಗ ಸಾಯ್ತಿ ಅಂತ ಕೇಳಿದಂಗ" ಎಂದು ಶುರುಮಾಡಿದರು. ಕೋಣೆಯಲ್ಲಿದ್ದವರೆಲ್ಲ ಒಮ್ಮೆಲೇ ಸ್ತಬ್ಧರಾದರು. ಅಲ್ಲಿದ್ದ ಇಬ್ಬರ ಮನೆಗಳಲ್ಲಿ ಆಗ ಹೊಲದ ಪಾಲಿನ ವ್ಯಾಜ್ಯ ನಡೆದಿತ್ತು. ಇಪ್ಪತ್ತು ವರ್ಷಗಳಿಂದ ಆ ಕಥೆಯ ಮೇಲೆ ಪ್ರಸಂಗ ಮಾಡಿದ್ದ ನನಗೆ ವಾಟ್ನಿ (ಆಸ್ತಿಯ ಪಾಲು) ಎಂಬ ಪದ ಒಮ್ಮೆಯೂ ಹೊಳೆದಿರಲಿಲ್ಲ.

ಕಾನೂನನ್ನೂ ಸ್ವಲ್ಪ ಕಲಿಸಬೇಕಾಯಿತು, ಏಕೆಂದರೆ ಮೊದಲು ಅಯ್ಯನವರ ಮನೆಯ ಪಡಸಾಲೆಯಲ್ಲಿಯೇ ತೀರ್ಮಾನವಾಗುತ್ತಿದ್ದ ಸಂಗತಿಗಳು ಈಗ ಹಾಗೆ ತೀರುವುದಿಲ್ಲ, ತೀರಲೂಬಾರದು. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹವೆಂದು ವಕೀಲರಾದ ಸಭಾಸದರೊಬ್ಬರು ವಿವರಿಸಿದಾಗ, ಹಿರಿಯರೊಬ್ಬರು ಮನೆತನದ ಮರ್ಯಾದೆಯ ಮಾತೆತ್ತಿದರು. ಅವರಿಗೆ ಉತ್ತರ ಕೊಟ್ಟವರು ನಮ್ಮ ಗುಂಪಿನ ನರ್ಸ್ ಅಕ್ಕ: "ಮರ್ಯಾದಿ ಯಾರದ್ರೀ ಅಣ್ಣಾರ, ಮನೀದೋ, ಕೂಸಿಂದೋ?" ಕ್ರೈಸ್ತರ ವಿಚ್ಛೇದನ ಕಾಯ್ದೆಗೆ 2001ರಲ್ಲಿ ತಿದ್ದುಪಡಿಯಾಗಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅವಕಾಶವಾಗಿದೆ ಎಂಬುದೂ ಅನೇಕರಿಗೆ ಹೊಸದಾಗಿತ್ತು. 2022ರಲ್ಲಿ ರಾಜ್ಯದಲ್ಲಿ ಮತಾಂತರದ ಕುರಿತ ಕಾಯ್ದೆ ಬಂದಾಗ ಮನೆ ಪ್ರಾರ್ಥನೆ ನಡೆಸುವವರಲ್ಲಿ ಅಂಜಿಕೆ ಹುಟ್ಟಿತು. ಅಂಜಿಕೆಯಿಂದ ಮಾತನಾಡುವುದಕ್ಕಿಂತ ಕಲಮುಗಳನ್ನು ಓದುವುದು ಮೇಲೆಂದು ಅದನ್ನೂ ಕುಳಿತು ಓದಿದೆವು.

ಆ ನರ್ಸ್ ಅಕ್ಕನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನಮ್ಮದೇ ಸಿ.ಎಸ್.ಐ.ನಲ್ಲಿ 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಅವರು ಬಿಷಪ್ ಆಗಿದ್ದರೂ, ನಮ್ಮ ಊರಿನಲ್ಲಿ ಹೆಣ್ಣುಮಗಳು ಸ್ಮಶಾನದಲ್ಲಿ ಪ್ರಾರ್ಥನೆ ಮಾಡುವುದನ್ನು ಒಪ್ಪದವರಿದ್ದರು. ನಾನು ಅವರೊಂದಿಗೆ ವಾದಕ್ಕೆ ಇಳಿಯಲಿಲ್ಲ, ಅದು ಸರಿಯೋ ತಪ್ಪೋ ಈಗಲೂ ನಿಶ್ಚಯವಿಲ್ಲ. 2020ರ ಮಾರ್ಚಿನಲ್ಲಿ ದೇವಾಲಯದ ಬಾಗಿಲು ಮುಚ್ಚಿದಾಗ ಉಳಿದ ಏಳು ಜನರಿಗೂ ಹನ್ನೆರಡು ಹನ್ನೆರಡು ಮನೆಗಳನ್ನು ಹಂಚಿ, ವಾರಕ್ಕೊಮ್ಮೆ ಫೋನ್ ಮಾಡಲು ಹೇಳಿದ್ದೆ. ಕೊರೊನಾದಿಂದ ತೀರಿಕೊಂಡವರ ಮನೆಯವರು ತಾವಾಗಿಯೇ ಆ ಅಕ್ಕನನ್ನು ಕರೆದರು, ಸ್ಮಶಾನದ ಪ್ರಾರ್ಥನೆಯನ್ನೂ ಆಕೆಯಿಂದಲೇ ಮಾಡಿಸಿದರು. ಆ ತಿಂಗಳುಗಳಲ್ಲಿ ನಾನು ವಾಟ್ಸ್ಯಾಪಿನಲ್ಲಿ ಕಳಿಸಿದ ಪ್ರಸಂಗಗಳನ್ನು ಎಷ್ಟು ಜನ ಕೇಳಿದರೋ ಗೊತ್ತಿಲ್ಲ. ಸ್ಮಾರ್ಟ್‌ಫೋನೇ ಇಲ್ಲದ ಮಾಸ್ತರರ ಕರೆಗಾಗಿ ಮಾತ್ರ ಜನ ಕಾಯುತ್ತಿದ್ದರು.

2023ರಲ್ಲಿ ನನಗೆ ವರ್ಗವಾಯಿತು. ಗುಂಪು ನಿಂತುಹೋಗಬಹುದೆಂದು ಒಳಗೊಳಗೇ ಅಂದುಕೊಂಡಿದ್ದೆ. ಮಾಸ್ತರರು ಮತ್ತು ನರ್ಸ್ ಅಕ್ಕ ಸೇರಿ ಐದು ಜನ ಹೊಸಬರನ್ನು ಕೂಡಿಸಿ, ಶನಿವಾರದ ಬದಲು ಭಾನುವಾರ ಸಂಜೆ ಸೇರುತ್ತಿದ್ದಾರೆ. ಕಳೆದ ತಿಂಗಳು ಹೊಸ ನೋಟುಬುಕ್ಕಿನ ಖಾಲಿ ಪುಟವೊಂದರ ಚಿತ್ರವನ್ನು ಆ ಅಕ್ಕ ಕಳಿಸಿದ್ದರು. ನಾನು ಎಲ್ಲಕ್ಕಿಂತ ಮುಖ್ಯವೆಂದು ಒತ್ತಿ ಹೇಳುತ್ತಿದ್ದ ಮೂರನೆಯ ಕಾಲಮನ್ನು ತೆಗೆದುಹಾಕಿ, ಆ ಜಾಗದಲ್ಲಿ "ಮತ್ತ ಯಾವಾಗ ಹೋಗಬೇಕು" ಎಂದು ಗೆರೆ ಎಳೆದಿದ್ದಾರೆ.