ಬೇಕೆಂದವರಿಗೆ ಮಾತ್ರ ಸ್ಪ್ಯಾಮ್ ಫಿಲ್ಟರ್: ನಾವು ಜೋಡಿಸಿದ ಬಗೆ

ಮೇಲ್ ಸರ್ವರ್‌ಗೆ ಬರುವ ಮೇಲ್‌ಗೆಲ್ಲ, ಅದು ಎಷ್ಟು ಸ್ಪ್ಯಾಮ್‌ನಂತಿದೆ (ಬೇಡದ ಮೇಲ್‌ನಂತಿದೆ) ಎಂಬ ಅಂಕ ಹಾಕಬೇಕು; ಅಂಕ ನೋಡಿ ಮೇಲನ್ನು ಪಕ್ಕಕ್ಕಿಡುವುದು ಮಾತ್ರ ಬಳಕೆದಾರರ ಇಷ್ಟ. ಮೇಲ್ ಬರಮಾಡಿಕೊಳ್ಳುವ ಪೋಸ್ಟ್‌ಫಿಕ್ಸ್, ಅದನ್ನು ಫೋಲ್ಡರಿಗೆ ತಲುಪಿಸುವ ಡವ್‌ಕಾಟ್ 2.3 ಇರುವ ನಮ್ಮ ಸರ್ವರಿನಲ್ಲಿ ಇದನ್ನೇ ಹಿಡಿದುಕೊಂಡು ಕೆಲಸ ಮಾಡಿದೆವು. ಕಾರಣ ಪಾಪ್3 ಎಂಬ, ಮೇಲ್ ಇಳಿಸಿಕೊಳ್ಳುವ ವಿಧಾನ. ಅದರಲ್ಲಿ ಮೇಲ್ ಇಳಿಸಿಕೊಳ್ಳುವವರಿಗೆ ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರ್ ಕಾಣುವುದೇ ಇಲ್ಲ. ಒಳ್ಳೆಯ ಮೇಲ್ ತಪ್ಪಿ ಸ್ಪ್ಯಾಮ್ ಇಡುವ ಜಂಕ್ ಫೋಲ್ಡರಿಗೆ ಬಿದ್ದರೆ, ಅದು ಬಂದಿತ್ತು ಎಂಬುದೂ ಅವರಿಗೆ ತಿಳಿಯದು.

ಅಂಕ ಹಾಕುವುದು ಸ್ಪ್ಯಾಮ್‌ಅಸ್ಯಾಸಿನ್ ಎಂಬ ತಂತ್ರಾಂಶ. ಸ್ಪ್ಯಾಮ್ ಎನ್ನುವ ಅಂಕದ ಮಿತಿಯನ್ನು ಮೊದಲೇ ಇದ್ದ 5.0ಕ್ಕೆ ಬಿಟ್ಟು, ಮಿಲ್ಟರ್ (ಬರುವ ಮೇಲನ್ನು ಪರೀಕ್ಷೆಗೆ ಕೊಡುವ ಕೊಂಡಿ) ಮೂಲಕ ಪೋಸ್ಟ್‌ಫಿಕ್ಸ್‌ಗೆ ಜೋಡಿಸಿದೆವು. ಮೇಲ್ ತಿರಸ್ಕರಿಸುವ ಆಯ್ಕೆ ಹಾಕಲಿಲ್ಲ. ಸ್ಪ್ಯಾಮ್‌ಅಸ್ಯಾಸಿನ್‌ನ 'ರಿಪೋರ್ಟ್ ಸೇಫ್' ಸೆಟ್ಟಿಂಗ್ ಅನ್ನು ಮರೆಯದೆ 0 ಮಾಡಿ. ಅದು 1 ಇದ್ದರೆ ಸ್ಪ್ಯಾಮ್ ಎನಿಸಿದ ಮೂಲ ಮೇಲ್ ವರದಿಯೊಂದರ ಒಳಗೆ ಅಟ್ಯಾಚ್‌ಮೆಂಟ್ ಆಗಿಬಿಡುತ್ತದೆ. ಫಿಲ್ಟರ್ ಬೇಡ ಎಂದವರ ಮೇಲ್ ಕೂಡ ಹಾಗೆಯೇ ಬದಲಾಗುತ್ತದೆ. ನಮಗೆ ಬೇಕಿರುವುದು 'ಎಕ್ಸ್-ಸ್ಪ್ಯಾಮ್-ಫ್ಲ್ಯಾಗ್: ಯೆಸ್' ಎಂಬ ಹೆಡರ್ (ಮೇಲಿನ ತಲೆಭಾಗದ ಸಾಲು) ಅಷ್ಟೇ.

ಆ ಹೆಡರ್ ಕಂಡರೆ ಮೇಲನ್ನು ಜಂಕ್‌ಗೆ ಹಾಕುವ ಸೀವ್ (ಮೇಲ್ ವಿಂಗಡಿಸುವ ನಿಯಮಗಳ ಭಾಷೆ) ಸ್ಕ್ರಿಪ್ಟ್ ಎರಡು ಮೂರು ಸಾಲಿನದು. ಅದನ್ನು ಎಲ್ಲಿಡಬೇಕು ಎನ್ನುವುದರಲ್ಲೇ ಎಡವುವುದು. ಸ್ವಂತ ಸ್ಕ್ರಿಪ್ಟ್ ಇಲ್ಲದವರಿಗೆ ಮಾತ್ರ ಓಡುವ 'ಸೀವ್ ಡಿಫಾಲ್ಟ್'ನಲ್ಲಿಟ್ಟರೆ, ಬಳಕೆದಾರರು ರಜೆಯ ಸ್ವಯಂ ಉತ್ತರಕ್ಕೆಂದು ಸ್ವಂತ ಸ್ಕ್ರಿಪ್ಟ್ ಬರೆದ ದಿನವೇ ಫಿಲ್ಟರ್ ಸದ್ದಿಲ್ಲದೆ ನಿಲ್ಲುತ್ತದೆ. ಬಳಕೆದಾರರ ಸ್ಕ್ರಿಪ್ಟಿಗಿಂತ ಮೊದಲು ಓಡುವ 'ಸೀವ್ ಬಿಫೋರ್' ಸರಿಯಾದ ಜಾಗ. ಜಂಕ್‌ಗೆ ಹೋದ ಮೇಲ್ ಮುಂದಿನ ಸ್ಕ್ರಿಪ್ಟ್ ತಲುಪುವುದಿಲ್ಲ, ಹಾಗಾಗಿ ಸ್ಪ್ಯಾಮ್ ಕಳಿಸಿದವರಿಗೆ ರಜೆಯ ಉತ್ತರವೂ ಹೋಗುವುದಿಲ್ಲ. ಇನ್ನು ಬೇಕೆಂದವರಿಗೆ ಮಾತ್ರ ಫಿಲ್ಟರ್ ಸಿಗಲೆಂದು ಡೇಟಾಬೇಸಿನ ಬಳಕೆದಾರರ ಟೇಬಲ್‌ಗೆ ಒಂದು ಕಾಲಂ ಸೇರಿಸಿದೆವು: ಅದರಲ್ಲಿ 1 ಇದ್ದರೆ ಯೂಸರ್ ಕ್ವೆರಿ (ಡವ್‌ಕಾಟ್ ಬಳಕೆದಾರರ ವಿವರ ಕೇಳುವ ಪ್ರಶ್ನೆ) 'ಸೀವ್ ಬಿಫೋರ್'ಗೆ ಸ್ಕ್ರಿಪ್ಟಿನ ಪಾತ್ ಕೊಡುತ್ತದೆ, ಇಲ್ಲದಿದ್ದರೆ ನಲ್, ಅಂದರೆ ಏನೂ ಇಲ್ಲ.

ಸ್ಕ್ರಿಪ್ಟ್ ಬದಲಿಸಿದಾಗಲೆಲ್ಲ ರೂಟ್ (ಪೂರ್ಣ ಅಧಿಕಾರದ ಯೂಸರ್) ಆಗಿ, ಸ್ಕ್ರಿಪ್ಟ್ ಕಂಪೈಲ್ ಮಾಡುವ 'ಸೀವ್‌ಸಿ' ಓಡಿಸಬೇಕು. ಮೇಲ್ ತಲುಪಿಸುವ ಯೂಸರಿಗೆ ಆ ಡೈರೆಕ್ಟರಿಯಲ್ಲಿ ಬರೆಯುವ ಅನುಮತಿ ಇರುವುದಿಲ್ಲ. ಕಂಪೈಲ್ ಆದ ಫೈಲ್ ಉಳಿಸಲಾಗದೆ ಒಂದೊಂದು ಮೇಲ್‌ಗೂ ಲಾಗ್‌ನಲ್ಲಿ 'ಪರ್ಮಿಷನ್ ಡಿನೈಡ್' ಬೀಳುತ್ತದೆ. ಜಂಕ್ ಫೋಲ್ಡರ್ ಇಲ್ಲದವರಿಗಾಗಿ 'ಮೇಲ್‌ಬಾಕ್ಸ್' ಎಕ್ಸ್‌ಟೆನ್ಷನ್ ಸೇರಿಸಿ 'ಕ್ರಿಯೇಟ್' ಬಳಸಿ.

ಕಲಿಸಿದ ಮೇಲ್ ನೋಡಿ ಸ್ಪ್ಯಾಮ್ ಗುರುತಿಸುವ, ಸ್ಪ್ಯಾಮ್‌ಅಸ್ಯಾಸಿನ್‌ನ ಬೇಯ್ಸ್ ಕಲಿಕೆಯಿಂದ ಮೊದಲ ವಾರವೇ ಫಲ ಬಯಸಬೇಡಿ. 200 ಸ್ಪ್ಯಾಮ್, 200 ಒಳ್ಳೆಯ ಮೇಲ್ ಎರಡೂ ಕಲಿಸಿದ ಮೇಲಷ್ಟೇ ಅದು ಅಂಕ ಕೊಡಲು ಶುರುಮಾಡುವುದು. ಜಂಕ್‌ನಿಂದ ಹೊರತೆಗೆದದ್ದನ್ನು ಒಳ್ಳೆಯದೆಂದು ಕಲಿಸುವ ಸ್ಕ್ರಿಪ್ಟ್‌ನಲ್ಲಿ ಟ್ರ್ಯಾಶ್‌ಗೆ ಹೋದದ್ದನ್ನು ಬಿಟ್ಟುಬಿಡಿ. ಇಲ್ಲದಿದ್ದರೆ ಬಳಕೆದಾರರು ಅಳಿಸಿದ ಸ್ಪ್ಯಾಮ್ ಎಲ್ಲವೂ ಒಳ್ಳೆಯ ಮೇಲ್ ಲೆಕ್ಕಕ್ಕೆ ಸೇರಿಹೋಗುತ್ತದೆ.