ಹಳೆಯ ಸೇನಾ ಪಿಸ್ತೂಲನ್ನು ದಿನವೂ ಜೊತೆಗಿಟ್ಟುಕೊಂಡ ನನ್ನ ಅನುಭವ

ಪೋಲೆಂಡಿನ ಪಿ-64 ಮತ್ತು ಚೆಕೊಸ್ಲೊವಾಕಿಯದ ಸಿಜೆಡ್ 82, ಎರಡೂ ಶೀತಲ ಸಮರದ ಕಾಲದಲ್ಲಿ ಸೋವಿಯತ್ ಬಣದ ವಾರ್ಸಾ ಒಪ್ಪಂದದ ಸೇನೆಗಳಿಗಾಗಿ ತಯಾರಾದ ಸಣ್ಣ ಪಿಸ್ತೂಲುಗಳು. ಟೆಕ್ಸಸ್‌ನಲ್ಲಿ ನೆಲೆಸಿರುವ ನಾನು ಎರಡನ್ನೂ ಕೊಂಡು, ಎರಡರಲ್ಲೂ ಅಭ್ಯಾಸ ಮಾಡಿ, ಎರಡನ್ನೂ ಸೊಂಟದಲ್ಲಿಟ್ಟುಕೊಂಡು ಓಡಾಡಿದ್ದೇನೆ. ಪಿ-64ರ ತೂಕ ಸುಮಾರು 620 ಗ್ರಾಂ, ಸಿಜೆಡ್ 82ರದು ಸುಮಾರು 800 ಗ್ರಾಂ. ಆದರೂ ದಿನವೂ ಒಯ್ಯಲು ನಾನು ಉಳಿಸಿಕೊಂಡಿರುವುದು ಭಾರದ ಸಿಜೆಡ್ 82 ಅನ್ನೇ. ಇಂಥ ಪಿಸ್ತೂಲು ಕೊಳ್ಳಬೇಕೆಂದು ಯೋಚಿಸುತ್ತಿರುವವರಿಗೆ ಉಪಯೋಗವಾದೀತೆಂದು ಅದರ ಕಾರಣಗಳನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು, ಏಕೆಂದರೆ ನಮ್ಮವರಲ್ಲಿ ಬಹಳ ಮಂದಿಗೆ ಇದು ತಿಳಿದಿರುವುದಿಲ್ಲ. ಎಚ್-1ಬಿಯಂತಹ ತಾತ್ಕಾಲಿಕ ವೀಸಾದ ಮೇಲೆ ಅಮೆರಿಕದಲ್ಲಿರುವವರು ಬಂದೂಕು ಹೊಂದುವುದನ್ನು ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ಊರ್ಜಿತವಾದ ಬೇಟೆಯ ಪರವಾನಗಿಯಂತಹ ಕೆಲವೇ ವಿನಾಯಿತಿಗಳಿವೆ. ಗೆಳೆಯನ ಪಿಸ್ತೂಲನ್ನು ಕೈಗೆ ತೆಗೆದುಕೊಂಡು ಎರಡು ಗುಂಡು ಹಾರಿಸಿದರೂ ಅದು ಅಪರಾಧವಾಗಬಹುದು, ವೀಸಾಕ್ಕೂ ಕುತ್ತು ತರಬಹುದು. ಕಾಯಂ ನಿವಾಸದ ಹಸಿರು ಕಾರ್ಡ್ ಇರುವವರಿಗೆ ಈ ತಡೆಯಿಲ್ಲ. ನಾನು ಕಾರ್ಡ್ ಕೈಗೆ ಬಂದ ಮೇಲೆಯೇ ಈ ಹವ್ಯಾಸಕ್ಕೆ ಕೈ ಹಾಕಿದೆ.

ಕೊಳ್ಳುವುದಕ್ಕೆ ಎರಡು ದಾರಿಗಳಿವೆ. ಅಂಗಡಿಯಲ್ಲಿ 4473 ನಮೂನೆ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳುವುದು ಎಲ್ಲರಿಗೂ ಗೊತ್ತಿರುವ ದಾರಿ. ಇನ್ನೊಂದು, ಸಂಗ್ರಾಹಕರಿಗೆಂದೇ ಬಂದೂಕುಗಳ ಉಸ್ತುವಾರಿ ನೋಡುವ ಒಕ್ಕೂಟದ ಸಂಸ್ಥೆ ಎಟಿಎಫ್ ಕೊಡುವ ಕ್ಯೂರಿಯೊ ಅಂಡ್ ರೆಲಿಕ್ ಪರವಾನಗಿ. 50 ವರ್ಷ ದಾಟಿದ, ಅಥವಾ ಎಟಿಎಫ್ ತನ್ನ ಪಟ್ಟಿಯಲ್ಲಿ ಸೇರಿಸಿರುವ ಬಂದೂಕುಗಳನ್ನು ಈ ಪರವಾನಗಿ ಉಳ್ಳವರು ಬೇರೆ ರಾಜ್ಯದ ಮಾರಾಟಗಾರರಿಂದಲೂ ನೇರವಾಗಿ ತರಿಸಿಕೊಳ್ಳಬಹುದು. ಪಿ-64 ಮತ್ತು ಸಿಜೆಡ್ 82 ಎರಡೂ ಆ ಪಟ್ಟಿಯಲ್ಲಿವೆ. ಮೂರು ವರ್ಷಕ್ಕೆ 30 ಡಾಲರ್ ಶುಲ್ಕ. ಬಂದದ್ದು ಹೋದದ್ದನ್ನೆಲ್ಲ ಪುಸ್ತಕದಲ್ಲಿ ತಪ್ಪದೆ ದಾಖಲಿಸಬೇಕು. ಕೊಂಡು ಮಾರುವ ವ್ಯಾಪಾರಕ್ಕೆ ಇದನ್ನು ಬಳಸುವಂತಿಲ್ಲ. ರಾಜ್ಯದ ಕಾನೂನು ಇನ್ನೂ ಬಿಗಿಯಾಗಿದ್ದರೆ ಅದನ್ನೂ ಪಾಲಿಸಬೇಕು.

ಇಷ್ಟೊಂದು ಸೇನಾ ಪಿಸ್ತೂಲುಗಳು ಅಮೆರಿಕದ ಮಾರುಕಟ್ಟೆಗೆ ಹರಿದು ಬಂದದ್ದಕ್ಕೆ ಕಾರಣ ಸರಳ. 1991ರಲ್ಲಿ ವಾರ್ಸಾ ಒಪ್ಪಂದ ಕೊನೆಗೊಂಡಿತು. 1999ರಲ್ಲಿ ಪೋಲೆಂಡ್ ಮತ್ತು ಚೆಕ್ ಗಣರಾಜ್ಯ ನ್ಯಾಟೊ ಸೇರಿದವು. ನ್ಯಾಟೊ ಪಿಸ್ತೂಲುಗಳ ತೋಟಾ 9×19 (ಮೊದಲನೆಯದು ಗುಂಡಿನ ವ್ಯಾಸ, ಎರಡನೆಯದು ತೋಟಾ ಕವಚದ ಉದ್ದ, ಎರಡೂ ಸುಮಾರಾಗಿ ಮಿ.ಮೀ.ನಲ್ಲಿ). ಸೋವಿಯತ್ ಬಣದ್ದು 9×18 ಮಕಾರೊವ್. ಹೀಗೆ ಹಳೆಯ ತೋಟಾದ ಜೊತೆಗೆ ಅದಕ್ಕಾಗಿ ಮಾಡಿದ ಪಿಸ್ತೂಲುಗಳೂ ಉಗ್ರಾಣದಲ್ಲಿ ಹೆಚ್ಚುವರಿಯಾಗಿ ಉಳಿದವು. ಒಂದು ಕಾಲದಲ್ಲಿ 200 ಡಾಲರಿನೊಳಗೆ ಸಿಗುತ್ತಿದ್ದ ಸಿಜೆಡ್ 82 ಈಗ ಆ ಬೆಲೆಗೆ ಸಿಗುವುದಿಲ್ಲ. ಮಕಾರೊವ್ ಗುಂಡಿನ ವ್ಯಾಸ ಸುಮಾರು 9.27 ಮಿ.ಮೀ., ನ್ಯಾಟೊ ಗುಂಡಿನದು ಸುಮಾರು 9.02 ಮಿ.ಮೀ. ಎರಡಕ್ಕೂ '9' ಎಂಬ ಹೆಸರಿದೆಯೆಂದು ಒಂದರ ತೋಟಾವನ್ನು ಇನ್ನೊಂದಕ್ಕೆ ಎಂದೂ ತುಂಬಬಾರದು.

ಉಗ್ರಾಣದಿಂದ ಬಂದ ಪಿಸ್ತೂಲಿನ ಸಂದುಗೊಂದುಗಳಲ್ಲೆಲ್ಲ ತುಕ್ಕು ತಡೆಯಲು ಬಳಿದ ದಪ್ಪ ಗ್ರೀಸು ಗಟ್ಟಿಯಾಗಿ ಕುಳಿತಿರುತ್ತದೆ. ಹೊರಗಡೆ ಒರೆಸಿ ಹೊಳಪು ಬಂದರೆ ಸಾಲದು. ಈ ಎರಡು ಪಿಸ್ತೂಲುಗಳನ್ನೂ ಬಿಚ್ಚುವುದು ಸುಲಭ: ತೋಟಾ ತುಂಬುವ ಮ್ಯಾಗಜೀನ್ ತೆಗೆದು, ನಳಿಗೆ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಟ್ರಿಗರಿನ ಸುತ್ತಲ ಕಾವಲು ಬಳೆಯನ್ನು ಕೆಳಗೆಳೆದರೆ ಸ್ಲೈಡ್, ಅಂದರೆ ಮೇಲ್ಭಾಗದ ಜಾರುವ ಉಕ್ಕಿನ ಭಾಗ, ಹಿಂದಕ್ಕೆ ಸರಿದು ಮೇಲೆದ್ದು ಬರುತ್ತದೆ. ಹಿಡಿಯ ಹಲ್ಲೆಗಳನ್ನೂ ಕಳಚಿ, ಮಿನರಲ್ ಸ್ಪಿರಿಟ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತೇನೆ. ಹೆಚ್ಚು ಹೊತ್ತು ಹಿಡಿಯುವುದು ತೋಟಾದ ಹಿಂಬದಿಗೆ ಬಡಿದು ಅದನ್ನು ಸಿಡಿಸುವ ಫೈರಿಂಗ್ ಪಿನ್ ಓಡಾಡುವ ತೂತು. ಅಲ್ಲಿ ಗ್ರೀಸು ಉಳಿದರೆ ಪಿನ್ನು ಮುಂದಕ್ಕೆ ಚಾಚಿ ಅಲ್ಲೇ ಸಿಕ್ಕಿಕೊಳ್ಳಬಹುದು. ಆಗ ಸ್ಲೈಡ್ ಮುಚ್ಚಿಕೊಳ್ಳುವಾಗಲೇ ಗುಂಡು ಹಾರುವ ಅಪಾಯವಿದೆ. ಸ್ಪ್ರಿಂಗಿಲ್ಲದೆ ಸಡಿಲವಾಗಿ ಓಡಾಡುವ ಪಿನ್ನುಳ್ಳ, ಇದೇ ತೋಟಾ ಬಳಸುವ ಸೋವಿಯತ್ ಮಕಾರೊವ್ ಪಿಸ್ತೂಲಿನಲ್ಲಂತೂ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಶುಚಿ ಮುಗಿದ ಕೂಡಲೇ, ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ಹಿಮ್ಮೆಟ್ಟು ಸ್ಪ್ರಿಂಗನ್ನು ಹೊಸದಕ್ಕೆ ಬದಲಾಯಿಸುವುದು ನನ್ನ ಪದ್ಧತಿ. ಅದರ ವಯಸ್ಸೆಷ್ಟು, ಎಷ್ಟು ಬಳಕೆಯಾಗಿದೆ ಎಂದು ಹೇಳುವವರು ಯಾರೂ ಇಲ್ಲ, ಬೆಲೆಯೂ ಹೆಚ್ಚಿಲ್ಲ.

ಆ ಸ್ಪ್ರಿಂಗಿಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಇವೆರಡೂ ಬ್ಲೋಬ್ಯಾಕ್ ಪಿಸ್ತೂಲುಗಳು. ನಳಿಗೆಯನ್ನೂ ಸ್ಲೈಡನ್ನೂ ಬಿಗಿಯುವ ಬೀಗ ಇವುಗಳಲ್ಲಿಲ್ಲ. ಗುಂಡು ನಳಿಗೆಯಿಂದ ಹೊರಬೀಳುವವರೆಗೆ ತೋಟಾದ ಹಿಂಬದಿಯನ್ನು ಹಿಡಿದಿಡುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲ ಮಾತ್ರ. ಸ್ಪ್ರಿಂಗ್ ಸೋತಿದ್ದರೆ ಸ್ಲೈಡ್ ಅತಿ ವೇಗದಿಂದ ಹಿಂದಕ್ಕೆ ಬಡಿಯುತ್ತದೆ, ಚೌಕಟ್ಟಿಗೆ ಪೆಟ್ಟು ಬೀಳುತ್ತದೆ. ಪಿ-64 ಕೈಯನ್ನು ಅಷ್ಟು ನೋಯಿಸುವುದಕ್ಕೂ ಇದೇ ಮೂಲ: ಹಗುರವಾದ ಪಿಸ್ತೂಲಿನಲ್ಲಿ ಅದೇ ತೋಟಾದ ಒದೆತವೆಲ್ಲ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಣ ಸಂದಿಗೆ ಬಂದು ಬೀಳುತ್ತದೆ.

ಪಿ-64 ನೋಡಲು ಚೆಂದ. ಆರು ತೋಟಾದ ಮ್ಯಾಗಜೀನ್, ತೆಳುವಾದ ಮೈ, ಅಂಗಿಯ ಕೆಳಗೆ ಇದೆಯೆಂದೇ ತಿಳಿಯುವುದಿಲ್ಲ. ಅದರ ತೊಂದರೆಯೆಲ್ಲ ಮೊದಲ ಹೊಡೆತದಲ್ಲಿದೆ. ಪಿನ್ನಿಗೆ ಬಡಿಯುವ ಹ್ಯಾಮರ್ ಇಳಿದಿರುವಾಗ ಟ್ರಿಗರ್ ಎಳೆಯಲು 20 ಪೌಂಡಿಗೂ ಮಿಕ್ಕಿದ, ಅಂದರೆ 9 ಕಿಲೋ ಮೀರಿದ ಒತ್ತಡ ಬೇಕು. ಅಷ್ಟು ಬಲ ಹಾಕುವಷ್ಟರಲ್ಲಿ ಮುಷ್ಟಿಯೇ ಹೊರಳುತ್ತದೆ; ಮೊದಲ ಗುಂಡು ಕೆಳಗೆ ಎಡಕ್ಕೆ ಹೋಗುತ್ತದೆ, ಎರಡನೆಯದರಿಂದ ಸ್ಲೈಡೇ ಹ್ಯಾಮರನ್ನು ಏರಿಸಿಡುವುದರಿಂದ ಟ್ರಿಗರ್ ಹಗುರಾಗಿ ಗುರಿ ಮತ್ತೆ ಬೇರೆಯಾಗುತ್ತದೆ. ಹ್ಯಾಮರಿನ ಸ್ಪ್ರಿಂಗನ್ನು ಕಡಿಮೆ ಬಲದ್ದಕ್ಕೆ ಬದಲಿಸಿದಾಗ ಎಳೆತ ಗಮನಾರ್ಹವಾಗಿ ತಗ್ಗಿತು. ಆದರೆ ಪೆಟ್ಟಿಗೆ ಕಿಡಿ ಹೊತ್ತಿಸುವ ಪ್ರೈಮರ್ ಗಡುಸಾಗಿರುವ ಕೆಲವು ತೋಟಾಗಳು ಒಂದೇ ಪೆಟ್ಟಿಗೆ ಸಿಡಿಯದೆ ಉಳಿಯತೊಡಗಿದವು. ಆತ್ಮರಕ್ಷಣೆಗೆಂದು ಇಟ್ಟುಕೊಂಡ ಪಿಸ್ತೂಲಿನಲ್ಲಿ ಈ ಸಂದೇಹ ನನಗೆ ಸಹ್ಯವಲ್ಲ. ಈಗ ಅದು ಅಭ್ಯಾಸದ ಮೈದಾನಕ್ಕೆ ಮಾತ್ರ ಬರುತ್ತದೆ.

ಕೊಡಗಿನಲ್ಲಿ ಬೆಳೆದ ನನಗೆ ಕೋವಿ ಹೊಸದಲ್ಲ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಮನೆಯ ನಡುಕೋಣೆಯಾದ ನೆಲ್ಲಕ್ಕಿಯ ದೀಪದೆದುರು ಕೋವಿಗಳನ್ನಿಟ್ಟು, ತೋಕ್ ಪೂ ಎಂಬ ಕೋವಿಹೂ ಸಿಕ್ಕಿಸಿ ಕೈಮುಗಿದ ಮನೆಯವನು ನಾನು. ಆದರೂ ಹೆಗಲಿಗೆ ಆನಿಸಿ ಹೊಡೆಯುವ ಕೋವಿಯ ಅಭ್ಯಾಸ ಪಿಸ್ತೂಲಿಗೆ ಹೆಚ್ಚು ನೆರವಾಗಲಿಲ್ಲ. ಸಣ್ಣ ಪಿಸ್ತೂಲಿನಲ್ಲಿ ಹಿಂದಿನ ನಿಶಾನೆಗೂ ಮುಂದಿನದಕ್ಕೂ ನಡುವೆ ಗೇಣು ದೂರವೂ ಇಲ್ಲ. ಕೈ ಕೂದಲೆಳೆಯಷ್ಟು ಅಲುಗಿದರೂ 15 ಗಜದಲ್ಲಿ ಗುಂಡು ಕಾಗದದ ಅಂಚಿಗೆ ಹೋಗಿರುತ್ತದೆ. ಟ್ರಿಗರ್ ಹದವಾಗಿರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಸಿಜೆಡ್ 82 ಕೈಗೆ ಬಂದ ಮೇಲೆ ಅಭ್ಯಾಸ ಸಂತೋಷದ ಕೆಲಸವಾಯಿತು. ಉಹೆರ್ಸ್ಕಿ ಬ್ರಾಡ್ ಊರಿನ ಕಾರ್ಖಾನೆಯಲ್ಲಿ ತಯಾರಾದ ಇದರ ಮ್ಯಾಗಜೀನ್‌ನಲ್ಲಿ 12 ತೋಟಾ ಹಿಡಿಯುತ್ತವೆ. ನಳಿಗೆಯ ಒಳಮೈಗೆ ಕ್ರೋಮ್ ಲೇಪನವಿದೆ. ಅಲ್ಲಿ ಚೂಪಾದ ಸುತ್ತುಗೆರೆಗಳ ಬದಲು ಅಂಚು ಮಾಸಿದ ಬಹುಭುಜದ ಆಕಾರವಿದೆ, ಶುಚಿ ಮಾಡುವುದು ಬಹಳ ಸುಲಭ. ಸೇಫ್ಟಿಯೂ ಮ್ಯಾಗಜೀನ್ ಬಿಡಿಸುವ ಗುಂಡಿಯೂ ಎರಡು ಬದಿಯಲ್ಲೂ ಇರುವುದರಿಂದ ಎಡಗೈಯವರಿಗೂ ಒಗ್ಗುತ್ತದೆ. ಪಿ-64ರಲ್ಲಿ ಮ್ಯಾಗಜೀನ್ ಬಿಡಿಸುವ ಕೊಂಡಿ ಹಿಡಿಯ ತಳದಲ್ಲಿದೆ, ಮ್ಯಾಗಜೀನ್ ಬದಲಿಸಲು ಎರಡೂ ಕೈ ಬೇಕು.

ಒಂದು ವಿಷಯವನ್ನು ಕೊಳ್ಳುವ ಮುಂಚೆಯೇ ತಿಳಿದಿರಬೇಕು. ಹ್ಯಾಮರನ್ನು ಸುರಕ್ಷಿತವಾಗಿ ಇಳಿಸುವ ಸನ್ನೆಕೋಲು ಸಿಜೆಡ್ 82ರಲ್ಲಿಲ್ಲ. ನಳಿಗೆಯಲ್ಲಿ ತೋಟಾ ಇರುವಾಗ ಟ್ರಿಗರ್ ಒತ್ತಿ, ಹೆಬ್ಬೆರಳಿನಿಂದ ಹ್ಯಾಮರನ್ನು ಮೆಲ್ಲಗೆ ಇಳಿಸುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಬೆರಳು ಜಾರಿದರೆ ಗುಂಡು ಹಾರಿದಂತೆಯೇ. ಆದ್ದರಿಂದ ಹ್ಯಾಮರ್ ಏರಿಸಿ, ಸೇಫ್ಟಿ ಹಾಕಿ, ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಚರ್ಮದ ಹೋಲ್ಸ್ಟರಿನಲ್ಲಿ ಇಡುತ್ತೇನೆ. ಹೊರತೆಗೆಯುವುದು, ಸೇಫ್ಟಿ ಇಳಿಸುವುದು, ಬೆರಳು ಟ್ರಿಗರಿನಿಂದ ದೂರ ಇರುವುದು, ಈ ಮೂರನ್ನೂ ಖಾಲಿ ಪಿಸ್ತೂಲಿನಲ್ಲಿ ಮನೆಯಲ್ಲೇ ಪದೇ ಪದೇ ರೂಢಿಸಿಕೊಂಡ ಮೇಲೆಯೇ ತೋಟಾ ತುಂಬಿ ಹೊರಗೆ ಹೊರಟದ್ದು. ಸಾಮಾನ್ಯ ಪ್ಯಾಂಟಿನ ಬೆಲ್ಟು ಈ ಭಾರಕ್ಕೆ ಜೋಲುತ್ತದೆ. ಎರಡು ಪದರದ ದಪ್ಪ ಬೆಲ್ಟು ಕಟ್ಟಿದ ಮೇಲೆ ಸಂಜೆಯವರೆಗೂ ಸೊಂಟ ನೋಯುವುದಿಲ್ಲ.

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿಯಿಲ್ಲದ ವಯಸ್ಕರು ಪರವಾನಗಿಯಿಲ್ಲದೆಯೂ ಪಿಸ್ತೂಲು ಒಯ್ಯಬಹುದು. ನಾನು ಆದರೂ ಪರವಾನಗಿ ಪಡೆದಿದ್ದೇನೆ. ಶಾಲೆಗಳ ಸುತ್ತಲಿನ 1000 ಅಡಿಯೊಳಗೆ ಬಂದೂಕು ತರಬಾರದೆಂಬ ಒಕ್ಕೂಟದ ಕಾನೂನು ರಾಜ್ಯದ ಪರವಾನಗಿ ಇರುವವರಿಗೆ ವಿನಾಯಿತಿ ಕೊಡುತ್ತದೆ. ಊರೊಳಗೆ ಕಾರು ಓಡಿಸುವವರು ಆ ವಲಯವನ್ನು ದಾಟದೆ ಇರುವುದು ಕಷ್ಟ. ಪರೀಕ್ಷೆಯಲ್ಲಿ 3, 7 ಮತ್ತು 15 ಗಜದಿಂದ 50 ಗುಂಡು ಹೊಡೆದು ಶೇ. 70 ಅಂಕ ಪಡೆಯಬೇಕು. ಸಿಜೆಡ್ 82ರಲ್ಲಿ ಅದು ಕಷ್ಟವಾಗಲಿಲ್ಲ. ಪರವಾನಗಿಯಿದ್ದರೂ ಶಾಲೆಯ ಕಟ್ಟಡದೊಳಗೆ, ಅಂಚೆ ಕಚೇರಿಗೆ, ಮದ್ಯ ಮಾರಾಟವೇ ಮುಖ್ಯವಾದ ಜಾಗಗಳಿಗೆ ಒಯ್ಯುವಂತಿಲ್ಲ. ಕನ್ನಡ ಸಂಘದ ರಾಜ್ಯೋತ್ಸವ ಶಾಲೆಯ ಸಭಾಂಗಣದಲ್ಲಿ ನಡೆಯುವ ದಿನ ನನ್ನ ಪಿಸ್ತೂಲು ಮನೆಯ ಪೆಟ್ಟಿಗೆಯಲ್ಲೇ ಇರುತ್ತದೆ. 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗುವಂತೆ ತುಂಬಿದ ಬಂದೂಕು ಇಡುವುದು ಇಲ್ಲಿ ಅಪರಾಧ. ಆ ಕಾನೂನು ಇಲ್ಲದಿದ್ದರೂ ನಾನು ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆಯನ್ನೇ ಬಳಸುತ್ತಿದ್ದೆ.

ಬೇಸಿಗೆಯ ಬೆವರು ಇಲ್ಲಿ ದೊಡ್ಡ ಶತ್ರು. ಸಿಜೆಡ್ 82ರ ಕಪ್ಪು ಬಣ್ಣ ಅಂಚುಗಳಲ್ಲಿ ಎದ್ದು ಹೋಗಿದ್ದರೂ ಉಳಿದೆಡೆ ಉಕ್ಕನ್ನು ಕಾಪಾಡುತ್ತದೆ, ಆದರೆ ಹಿಡಿಯ ಹಲ್ಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಆ ತಿರುಪು ಬಿಚ್ಚಿ ಎಣ್ಣೆಬಟ್ಟೆಯಿಂದ ಒರೆಸುತ್ತೇನೆ. ಮ್ಯಾಗಜೀನ್‌ಗಳ ತಳಕ್ಕೆ ಬಣ್ಣದಿಂದ ಗುರುತು ಹಾಕಿದ್ದೇನೆ. ಸಿಕ್ಕಿಕೊಳ್ಳುವಿಕೆ ಒಂದೇ ಮ್ಯಾಗಜೀನ್‌ನಲ್ಲಿ ಮರುಕಳಿಸಿದರೆ ಅದನ್ನು ಅಭ್ಯಾಸಕ್ಕೆ ಎತ್ತಿಡುತ್ತೇನೆ. ಒಯ್ಯಲು ಆರಿಸಿದ 95 ಗ್ರೇನಿನ (ಸುಮಾರು 6 ಗ್ರಾಂ) ಟೊಳ್ಳುಮೂತಿಯ ಗುಂಡನ್ನು ಉಳಿದ ಮ್ಯಾಗಜೀನ್‌ಗಳಲ್ಲಿ ಒಂದೊಂದರಿಂದಲೂ ಹಲವು ಪೆಟ್ಟಿಗೆ ಹೊಡೆದು ನೋಡಿದ್ದೇನೆ, ಏಕೆಂದರೆ ಈ ಪಿಸ್ತೂಲು ದುಂಡುಮೂತಿಯ ಸೇನಾ ಗುಂಡಿಗಾಗಿ ರೂಪುಗೊಂಡದ್ದು. ಹೊಸದಾಗಿ ಕೊಳ್ಳುವವರು ಪಿಸ್ತೂಲಿನ ಜೊತೆಗೇ ಎರಡು ಹೆಚ್ಚಿನ ಮ್ಯಾಗಜೀನ್ ಮತ್ತು ಒಂದು ಜೊತೆ ಸ್ಪ್ರಿಂಗ್ ತೆಗೆದಿಟ್ಟುಕೊಳ್ಳಿ. ಈ ಮಾದರಿಯ ತಯಾರಿಕೆ ನಿಂತು ದಶಕಗಳಾಗಿವೆ, ಬಿಡಿಭಾಗಗಳ ಬೆಲೆ ಏರುತ್ತಲೇ ಇದೆ.