ದತ್ತು ಅಥವಾ ತಾತ್ಕಾಲಿಕ ಪಾಲನೆಗೆ ಮಗು ಬಂದ ಮನೆ: ಪ್ರಾರ್ಥನಾ ಬಳಗದವರು ಮಾಡಬಹುದಾದ್ದು

"ಏನಾದರೂ ಬೇಕಿದ್ದರೆ ಹೇಳಿ" ಅನ್ನಬೇಡಿ, ದಣಿದವರು ಕೇಳುವುದೇ ಇಲ್ಲ. "ಮಂಗಳವಾರ ಸಂಜೆ ಊಟ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತೇವೆ" ಎಂದು ದಿನ ಗೊತ್ತುಮಾಡಿ. ಆರೇಳು ಮನೆಯವರು ಸರದಿ ಹಾಕಿಕೊಳ್ಳಿ. ಫೋನ್ ಮಾಡುವವರು ಒಬ್ಬರೇ ಇರಲಿ.

ಮೊದಲ ಕೆಲವು ತಿಂಗಳು ಮಗುವನ್ನು ಎತ್ತಿಕೊಳ್ಳುವುದು, ಉಣಿಸುವುದು, ಅತ್ತಾಗ ಸಮಾಧಾನ ಮಾಡುವುದು ಮನೆಯವರಿಗೇ ಬಿಡಿ. ಸಿಕ್ಕವರೆಲ್ಲ ಮುದ್ದು ಮಾಡಿದರೆ ತನ್ನವರು ಯಾರೆಂಬುದೇ ಮಗುವಿಗೆ ತಿಳಿಯದೆ ನಂಟು ಬೆಳೆಯುವುದು ತಡವಾಗಬಹುದು. ನೀವು ಪಾತ್ರೆ ತೊಳೆಯಿರಿ, ಬಟ್ಟೆ ಮಡಚಿಡಿ, ದೊಡ್ಡ ಮಕ್ಕಳನ್ನು ಶಾಲೆಗೆ ಬಿಟ್ಟುಬನ್ನಿ.

ಮಗುವಿನ ಹಿಂದಿನ ಕಥೆ ಕೇಳಬೇಡಿ. ಪ್ರಾರ್ಥನೆಯ ಹೆಸರಲ್ಲೂ ಅದು ಗುಂಪಿನಲ್ಲಿ ಹರಡಬಾರದು. ಫೋಟೋ ಹಾಕುವುದಂತೂ ಬೇಡವೇ ಬೇಡ.

ಪಾಲನೆಯಲ್ಲಿದ್ದ ಮಗು ಹೆತ್ತವರ ಬಳಿಗೆ ಮರಳಿದ ವಾರವೂ ಊಟದ ಸರದಿ ನಿಲ್ಲಿಸಬೇಡಿ.